ಕಾಯಿಸಿದ ತೀರ್ಥ

ಡಾಕ್ಟರ್ ಕೇಳಿದ ಪ್ರಶ್ನೆಗೆ ನಾನು ಎರಡು ಸಲ ತಪ್ಪು ಉತ್ತರ ಕೊಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೂ ತಪ್ಪು ತಪ್ಪೇ. ಅದು ಹೇಗಾಯಿತೋ ಹಾಗೇ ಬರೆಯುತ್ತೇನೆ.

ನಮ್ಮೂರು ಗೊರೇಬಾಳ. ಮನೆಯಲ್ಲಿ ಒಂದು ಆಕಳು, ಅದರ ಕರು. ಶ್ರಾವಣದಲ್ಲಿ ನಮ್ಮ ಅತ್ತೆ ದಿನಾ ಬೆಳಗ್ಗೆ ಲಿಂಗಕ್ಕೆ ಹಾಲಿನ ಅಭಿಷೇಕ ಮಾಡುತ್ತಾರೆ. ಅದಕ್ಕೆ ಒಲೆ ಕಾಣದ ಹಾಲೇ ಆಗಬೇಕು. ಪೂಜೆ ಮುಗಿದ ಮೇಲೆ ಆ ಹಾಲನ್ನೇ ತೀರ್ಥವೆಂದು ಚಮಚದಲ್ಲಿ ಕೊಡುತ್ತಾರೆ. ಬಲ ಅಂಗೈಯ ಕೆಳಗೆ ಎಡಗೈ ಹಿಡಿಯಬೇಕು. ಒಂದೇ ಕೈ ಚಾಚಿದರೆ ಕೊಡುವುದಿಲ್ಲ. ನನಗೂ ನನ್ನ ಗಂಡನಿಗೂ ಒಂದೊಂದು ಚಮಚ. ಹನ್ನೊಂದು ವರ್ಷದ ನನ್ನ ಮಗಳು ಅಜ್ಜಿಯ ಮುದ್ದು, ಅವಳಿಗೆ ಮೂರು.

ಹೋದ ಶ್ರಾವಣದಲ್ಲಿ ಕರುವಿಗೆ ಭೇದಿ ಹತ್ತಿತು. ಮೂರು ದಿನ ಕೊಟ್ಟಿಗೆಯೆಲ್ಲ ಹೊಲಸು. ಅದು ವಾಸಿಯಾಗುವ ಹೊತ್ತಿಗೆ ಮಗಳಿಗೆ ಜ್ವರ, ಹೊಟ್ಟೆನೋವು, ಭೇದಿ. ಎರಡನೆಯ ದಿನ ರಕ್ತ ಕಂಡಿತು. ಸಿಂಧನೂರಿಗೆ ಕರೆದುಕೊಂಡು ಹೋದೆವು. ಕೋಳಿ ತಿನ್ನುತ್ತೀರಾ ಎಂದು ಡಾಕ್ಟರ್ ಕೇಳಿದರು. ನಮ್ಮ ಮನೆಯೊಳಗೆ ತತ್ತಿಯೂ ಬರುವುದಿಲ್ಲ ಎಂದು ಅತ್ತೆ ತುಸು ಬಿರುಸಾಗಿಯೇ ಹೇಳಿದರು. ಹಸಿ ಹಾಲು ಕುಡಿಯುತ್ತಾಳಾ ಎಂದು ಡಾಕ್ಟರ್ ನನ್ನನ್ನು ಕೇಳಿದರು. ಇಲ್ಲ ಎಂದೆ. ಮನೆಯ ಹಾಲನ್ನು ದಿನಾ ಉಕ್ಕಿಸುವವಳು ನಾನೇ ಅಲ್ಲವೇ. ಅವರು ಮಲವನ್ನು ಪರೀಕ್ಷೆಗೆ ಕಳಿಸಿ, ಔಷಧಿ ಕೊಟ್ಟು ಕಳಿಸಿದರು. ಆ ವಾರವೆಲ್ಲ ಅತ್ತೆ, ಬೇಗ ಗುಣವಾಗಲಿ ಎಂದು, ಅವಳಿಗೆ ಇನ್ನೊಂದು ಚಮಚ ಹೆಚ್ಚಿಗೆ ಕೊಟ್ಟರು.

ಭೇದಿ ನಿಂತಿತು. ಹತ್ತು ಹನ್ನೆರಡು ದಿನಗಳ ಮೇಲೆ, ಅಂಗಳದಲ್ಲಿ ನಡೆಯುವಾಗ ಅವಳ ಕಾಲಿನಿಂದ ಚಪ್ಪಲಿ ಜಾರಿಬಿತ್ತು. ಅದು ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮರುದಿನ ನೆಲದಿಂದ ಏಳಲು ಬರಲಿಲ್ಲ. ನನ್ನ ಗಂಡ ಅವಳನ್ನು ಎತ್ತಿಕೊಂಡಾಗ ಎರಡೂ ಕಾಲು ಒಗೆದ ಬಟ್ಟೆಯ ಹಾಗೆ ತೂಗುತ್ತಿದ್ದವು.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಐದು ದಿನ ರಕ್ತನಾಳದ ಮೂಲಕ ಔಷಧಿ ಏರಿಸಿದರು. ಕಾಲಿನ ನಿಶ್ಶಕ್ತಿ ಎದೆಗೂ ಏರಿ ಉಸಿರಿಗೆ ತೊಂದರೆಯಾಗಬಹುದೆಂದು ನರ್ಸ್ ಗಳಿಗೆಗೊಮ್ಮೆ ಬಂದು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತೀ ಎಂದು ಕೇಳುತ್ತಿದ್ದಳು. ಮಗಳು ಇಪ್ಪತ್ತು ದಾಟುವ ತನಕ ನಾನೂ ಉಸಿರು ಹಿಡಿಯುತ್ತಿದ್ದೆ.

ಅಲ್ಲಿನ ಡಾಕ್ಟರಮ್ಮ ಸಿಂಧನೂರಿನ ಪರೀಕ್ಷೆಯ ಕಾಗದ ಓದಿ ಒಂದು ಹೆಸರು ಹೇಳಿದರು: ಕ್ಯಾಂಪಿಲೊಬ್ಯಾಕ್ಟರ್. ಕೋಳಿ, ದನಗಳ ಹೊಟ್ಟೆಯಲ್ಲಿರುವ ರೋಗಾಣು. ಅದರೊಡನೆ ಹೋರಾಡಲು ಎದ್ದ ಮೈಯ ಸಿಟ್ಟು ದಾರಿ ತಪ್ಪಿ ಕಾಲಿನ ನರಗಳಿಗೆ ತಗುಲಿದೆ, ಹೀಗಾಗುವುದು ಬಲು ಅಪರೂಪ, ಬಹಳ ಮಂದಿ ಮತ್ತೆ ನಡೆಯುತ್ತಾರೆ, ಆದರೆ ತಿಂಗಳುಗಳು ಬೇಕು ಎಂದರು. ಆಮೇಲೆ ಅದೇ ಪ್ರಶ್ನೆ. ಹಸಿ ಹಾಲು? ಇಲ್ಲ ಎಂದೆ.

ಹಾಸಿಗೆಯಿಂದ ಮಗಳು ಕೇಳಿದಳು. "ತೀರ್ಥ ಹಾಲಲ್ಲೇನವ್ವಾ?"

ಅವಳ ಪಾದ ಒತ್ತುತ್ತಿದ್ದ ಅತ್ತೆಯ ಕೈ ನಿಂತಿತು. ತೀರ್ಥವನ್ನು ಹಾಲೆಂದು ನಾನು ಒಂದು ದಿನವೂ ಎಣಿಸಿರಲಿಲ್ಲ.

ಊರಿಗೆ ಬಂದಮೇಲೆ ದನದ ಡಾಕ್ಟರನ್ನು ಕೇಳಿದೆ. ಕರುವಿನ ಭೇದಿ ಆ ರೋಗಾಣುವಿನದೇ ಎಂದು ಈಗ ಹೇಳಲು ಬರುವುದಿಲ್ಲ, ಆಕಳು ಆರಾಮಿದ್ದರೂ ಸಗಣಿಯಲ್ಲಿ ಅದು ಇರಬಹುದು, ಕೆಚ್ಚಲಿಗೆ ಹತ್ತಿದ ತುಸು ಸಗಣಿ ಸಾಕು ಎಂದರು. "ಒಂದು ಉಕ್ಕು ಬರೋ ತನಕ ಕಾಸ್ರೀ, ಸಾಯತಾವ."

ಶ್ರಾವಣ ಮುಗಿದರೂ ಅತ್ತೆ ದಿನದ ಅಭಿಷೇಕ ಬಿಡಲಿಲ್ಲ. ಆದರೆ ಯಾರಿಗೂ ತೀರ್ಥ ಕೊಡದೆ ಅಂಗಳದ ಬಿಲ್ವಪತ್ರಿ ಗಿಡದ ಬುಡಕ್ಕೆ ಸುರಿಯತೊಡಗಿದರು. ಕೆಲವು ದಿನ ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೊಂದು ದಿನ ಹೇಳಿದೆ: "ಅತ್ತಿ, ಕೇಳಿದಾಗ ಇಲ್ಲ ಅಂದಾಕಿ ನಾನು."

"ಕೊಟ್ಟಾಕಿ ನಾನಲ್ಲೇನು ಬೇ," ಎಂದರು.

ಮಗಳು ಮೊದಲು ಕೂತಳು, ಆಮೇಲೆ ನಿಂತಳು, ದೀಪಾವಳಿಯ ಹೊತ್ತಿಗೆ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು. ಕಿಟಕಿಯಿಂದ ನೋಡಿ ಅಜ್ಜಿಯನ್ನು ಕಾಡಿಸುತ್ತಿದ್ದಳು. "ಗಿಡಕ್ಕ ದಿನಾ ತಂಬಿಗಿ ತುಂಬ, ನನಗ ಒಂದು ಚಮಚನೂ ಇಲ್ಲೇನು?"

ಕಾರ್ತಿಕದ ಒಂದು ಸೋಮವಾರ ಅತ್ತೆ ಪೂಜೆ ಮುಗಿಸಿ, ತೀರ್ಥದ ಪಾತ್ರೆ ಹಿಡಿದು ಅಡಿಗೆಮನೆಗೆ ಬಂದರು. ನನ್ನ ಮುಖ ನೋಡದೆ ಒಲೆ ಹಚ್ಚಿ ಅದನ್ನು ಉಕ್ಕಿಸಿದರು. "ದೇವ್ರಿಗೆ ಹಸೀದು ಕೊಟ್ಟೀನಿ. ನಿಮಗ ಇದು," ಎಂದರು. ತಣಿಸಿ, ದೇವರ ಕೋಣೆಯ ಬಾಗಿಲಲ್ಲಿ ನಿಂತು, ಅಲ್ಲಿಗೇ ತರಲೇ ಎಂದು ಕಿಟಕಿಯ ಬಳಿ ಕೂತಿದ್ದ ಮೊಮ್ಮಗಳನ್ನು ಕೇಳಿದರು. ಬ್ಯಾಡ, ನಾನೇ ಬರ್ತೀನಿ ಎಂದಳು.

ಎಡಗೈಯಿಂದ ಗೋಡೆ ಹಿಡಿದು ಬಂದಳು. ಬಾಗಿಲ ಹತ್ತಿರ ನಿಂತು ಬಲಗೈ ಚಾಚಿದಳು. ಅತ್ತೆ ಚಮಚ ಎತ್ತಿದರು, ಆದರೆ ಸುರಿಯಲಿಲ್ಲ. ಕಾಯುತ್ತ ನಿಂತರು. ಮಗಳನ್ನು ಹಿಡಿಯಲು ನಾನು ಒಂದು ಹೆಜ್ಜೆ ಮುಂದೆ ಹೋದೆ.

ಅವಳು ಗೋಡೆ ಬಿಟ್ಟು, ಎಡಗೈ ತಂದು ಬಲಗೈ ಕೆಳಗೆ ಹಿಡಿದಳು.

ಅತ್ತೆ ಮೂರು ಚಮಚ ಕೊಟ್ಟರು, ಒಂದೊಂದಾಗಿ, ನಿಧಾನಕ್ಕೆ.