ತಂಗಿಯ ಟರ್ಬೈನಿನ ಪರೀಕ್ಷೆ

ಸಿಂಧನೂರಿನಿಂದ ಗೊರೇಬಾಳದ ಕಡೆ ಹೋಗುವಾಗ ಗದ್ದೆಗಳ ನಡುವೆ ಒಂದು ತಾಳೆ ಎಣ್ಣೆ ಗಿರಣಿ ಸಿಗುತ್ತದೆ. ನನ್ನ ತಂಗಿ ಅಲ್ಲಿ ಎಂಜಿನಿಯರ್. ಹಣ್ಣು ಹಿಂಡಿ ಉಳಿದ ನಾರು, ಚಿಪ್ಪು ಉರಿಸಿ ನೀರು ಕಾಯಿಸಿ, ಆ ಉಗಿಯಿಂದಲೇ ಕರೆಂಟು ತೆಗೆಯೋಣವೆಂದು ಮಾಲೀಕರ ಬೆನ್ನುಬಿದ್ದು ಹಳೆಯ ಟರ್ಬೈನೊಂದನ್ನು ತರಿಸಿದವಳು ಅವಳೇ.

ಪರೀಕ್ಷೆಯ ದಿನ ಮಾಲೀಕರು ಎಲ್ಲರೆದುರೇ ಹೇಳಿಬಿಟ್ಟರು: "ಇವತ್ತು ಗಿರಣಿ ಇದರ ಕರೆಂಟಿನ್ಯಾಗ ನಡೀಬೇಕವಾ. ಇಲ್ಲಂದ್ರ ನಾಳೆ ಲಾರಿ ಕರಸ್ತೀನಿ, ಮಷೀನು ವಾಪಸ್."

ಪತ್ರಿಕೆಗೆ ವರದಿ ಬರೆಯುವುದು ನನ್ನ ಕೆಲಸ. ಅಂದು ಲಿಂಗಸುಗೂರಿನಿಂದ ಬೈಕ್ ಹತ್ತಿ ಬಂದದ್ದು ಮಾತ್ರ ಅಣ್ಣನಾಗಿ.

ಟರ್ಬೈನು ತಿರುಗತೊಡಗಿತು. ನೆಲದ ನಡುಕ ಅಂಗಾಲಿಗೆ ತಾಕುತ್ತಿತ್ತು. ಮೀಟರಿನ ಮುಳ್ಳು ಏರಿತು, ತಂಗಿಯ ಮುಖ ಅರಳಿತು. ಅಷ್ಟರಲ್ಲೇ ಮುಳ್ಳು ಇಳಿಯತೊಡಗಿತು. ಬಾಯ್ಲರ್ ಚೆನ್ನಾಗಿ ಉರಿಯುತ್ತಿತ್ತು, ಒಳಬರುವ ಉಗಿಯ ಒತ್ತಡವೂ ಸರಿಯಿತ್ತು. ಆದರೂ ಕರೆಂಟು ಕುಸಿಯುತ್ತಲೇ ಇತ್ತು. ಮಾಲೀಕರು ಮೊಬೈಲ್ ಹೊರತೆಗೆದರು.

ತಂಗಿ ಟರ್ಬೈನಿನಿಂದ ಉಗಿ ಹೊರಹೋಗುವ ಕೊಳವೆಯ ಮಾಪಕದ ಕಡೆ ನೋಡಿದಳು. ಅಲ್ಲಿ ಒತ್ತಡ ಏರುತ್ತಿತ್ತು. ಯಂತ್ರ ತಿರುಗಿಸಿ ಬಂದ ಆ ಉಗಿ ಇನ್ನೂ ಬಿಸಿಯಿರುತ್ತದೆ. ತಾಳೆಗೊನೆ ಬೇಯುವುದು ಅದರಲ್ಲೇ. ಅವಳು ಓಡಿದಳು. ಹಿಂದೆ ನಾನೂ.

ಗೊನೆ ಬೇಯಿಸುವ ಶೆಡ್ಡಿನ ಮೇಸ್ತ್ರಿ, ಎಲ್ಲರೂ ಕಾಕಾ ಎನ್ನುವ ಹಿರಿಯರು, ಆರಾಮಾಗಿ ಚಹಾ ಕುಡಿಯುತ್ತಿದ್ದರು.

"ಕಾಕಾ, ಯಾಕ ಬಂದ್ ಮಾಡೀರಿ?"

"ನಿನ್ನ ಪರೀಕ್ಷಿ ಐತಲ್ಲವಾ, ಉಗಿ ಎಲ್ಲಾ ನಿನ್ನ ಮಷೀನಿಗೇ ಸಿಗ್ಲಿ ಅಂತ ವಾಲ್ವ್ ಮುಚ್ಚೀನಿ. ನಾ ಒಂದು ತಾಸು ಕುಂತ್ರ ಏನು ಗಂಟು ಹೋಗತೈತಿ?"

"ಅಯ್ಯ ಕಾಕಾ! ಅದು ಹೊರಗ ಹೋಗೋ ದಾರೀನ ಮುಚ್ಚೀರಲ್ರೀ! ಮಷೀನು ಉಸಿರು ಬಿಡೋದೆಲ್ಲಿ? ತಗೀರಿ, ಗೊನಿ ಬೇಯಸ್ರಿ!"

ಕಾಕಾ ಚಹಾ ಅಲ್ಲೇ ಇಟ್ಟು ಚಕ್ರ ತಿರುಗಿಸಿದರು. ಉಗಿ ಬುಸ್ಸೆಂದು ನುಗ್ಗಿತು. ನಾವು ಮತ್ತೆ ಓಡಿದೆವು. ಮುಳ್ಳು ಏರುತ್ತಿತ್ತು! ಅದು ಮೇಲೆ ನಿಂತದ್ದೇ ತಡ, ತಂಗಿ ಅಲ್ಲಿಯವರೆಗೆ ಗಿರಣಿ ನಡೆಸುತ್ತಿದ್ದ ಹೊರಗಿನ ಲೈನಿನ ಸ್ವಿಚ್ಚು ಕೆಳಗೆಳೆದು ಬಂದ್ ಮಾಡಿದಳು. ದೀಪ ಮಿಣುಕಲಿಲ್ಲ. ಹಣ್ಣು ಹಿಂಡುವ ಯಂತ್ರ ತನ್ನ ಪಾಡಿಗೆ ತಾನು ನಡೆದೇ ಇತ್ತು.

ಮಾಲೀಕರು ಮೊಬೈಲ್ ಜೇಬಿಗಿಳಿಸಿ, "ಲಾರಿ ಬ್ಯಾಡ ಬಿಡವಾ," ಎಂದರು.

ಕಾಕಾ ಬಾಗಿಲಲ್ಲಿ ನಿಂತಿದ್ದರು. "ಅಂದ್ರ ನಾ ಕುಂತ್ರ ನಿನ್ನ ಮಷೀನೂ ಕುಂದರತೈತಿ ಅನ್ನು. ಚಹಾ ಆರಿ ಹೋತು, ಈಗ ನೀನಾ ಕುಡಸಬೇಕು."

"ಕುಡಸ್ತೀನ್ರಿ, ನಿಂತಾ ಕುಡೀರಿ," ಎಂದಳು ತಂಗಿ. "ವಾಲ್ವ್ ಮಾತ್ರ ಮುಟ್ಟಬ್ಯಾಡ್ರಿ."