‘ಏಂಟ್’ ಎಂಬ ಪದವೇ ಇಲ್ಲ

ವಿಶಾಲಾಕ್ಷಮ್ಮ ಕನಿಕರವಿಲ್ಲದ ಹೆಂಗಸು. ತಾಳವಾಡಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ ಅವರು ಮಕ್ಕಳ ಬರಹದಲ್ಲಿ ಒಂದು ತಪ್ಪನ್ನೂ ಉಳಿಯಗೊಟ್ಟವರಲ್ಲ. ಗೆಟ್ಟವಾಡಿಯ ಬೇಸಾಯದ ಮನೆಯಲ್ಲಿ ಹುಟ್ಟಿ, ಒಂದೇ ಒಂದು ವ್ಯಾಕರಣ ಪುಸ್ತಕವನ್ನು ಉರುಹೊಡೆದು ಮೇಲೆ ಬಂದವರು. ಅದರಲ್ಲಿ ಇಲ್ಲದ್ದು ಇಂಗ್ಲಿಷೇ ಅಲ್ಲ ಎಂಬುದು ಅವರ ನಂಬಿಕೆ. ‘ಒಲ’ ಎಂದ ಮಗುವನ್ನು ‘ಹೊಲ’ ಎನ್ನುವವರೆಗೂ ನಿಲ್ಲಿಸುತ್ತಿದ್ದರು.

2004ರಲ್ಲಿ ಹತ್ತನೇ ತರಗತಿಯ ಸಂಗೀತ ಸತ್ಯಮಂಗಲದ ಸ್ಪರ್ಧೆಗೆಂದು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದಳು. ಅದರಲ್ಲಿ ಕೂಲಿ ಹೆಂಗಸೊಬ್ಬಳು ಜಮೀನಿನ ಯಜಮಾನನಿಗೆ, ನಾನು ನಿಮ್ಮ ಕೊಟ್ಟಿಗೆಯ ಹಸುವಲ್ಲ ಎನ್ನುತ್ತಾಳೆ. ‘ಐ ಏಂಟ್ ಯುವರ್ ಕೌ.’ ‘ಏಂಟ್’ (ain't) ಎಂಬ ಪದ ಅವಳಿಗೆ ಯಾವುದೋ ಇಂಗ್ಲಿಷ್ ಕಥೆ ಪುಸ್ತಕದಲ್ಲಿ ಸಿಕ್ಕಿದ್ದು. ವಿಶಾಲಾಕ್ಷಮ್ಮ ಅಂಥ ಪದವೇ ಇಲ್ಲವೆಂದು ಹೊಡೆದುಹಾಕಿ, ಮೇಲೆ ‘ಆಮ್ ನಾಟ್’ ಬರೆದರು. ತಿದ್ದದಿದ್ದರೆ ಕಥೆ ಸ್ಪರ್ಧೆಗೆ ಹೋಗದು ಎಂದರು.

“ಅದು ನಮ್ಮವ್ವ ಆಡಿದ್ ಮಾತು ಟೀಚರ್,” ಎಂದಳು ಸಂಗೀತ. “ಆಮ್ ನಾಟ್ ಅಂತ ಬರುದ್ರೆ ಅವ್ವ ಓಗಿ ನೀವು ಬಂದ್ಬುಡ್ತೀರಿ.”

ತರಗತಿ ನಕ್ಕಿತು.

“ಹೋಗಿ ಅನ್ನು,” ಎಂದರು ವಿಶಾಲಾಕ್ಷಮ್ಮ.

ತರಗತಿ ಮುಗಿದ ಮೇಲೆ ಅವರು ಶಾಲೆಯ ದೊಡ್ಡ ನಿಘಂಟು ತೆಗೆದರೆ, ಪದ ಇತ್ತು. ಆಮ್ ನಾಟ್, ಈಸ್ ನಾಟ್, ಆರ್ ನಾಟ್, ಹ್ಯಾವ್ ನಾಟ್ ಎಲ್ಲಕ್ಕೂ ಅದೊಂದೇ. ಶಿಷ್ಟವಲ್ಲ ಎಂದಿತ್ತು, ಕಥೆಗಾರರು ಪಾತ್ರಗಳ ಬಾಯಲ್ಲಿ ಆಡಿಸುತ್ತಾರೆ ಎಂದೂ ಇತ್ತು. ತಪ್ಪಾದರೆ ಅಚ್ಚು ಹಾಕಿದ್ದೇಕೆ? ಸರಿಯಾದರೆ ಶಿಷ್ಟ ಏಕಲ್ಲ? ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ನಾನಲ್ಲ, ನೀನಲ್ಲ, ಅವರಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡರು. ಕನ್ನಡದಲ್ಲಿ ಎಲ್ಲರಿಗೂ ಒಂದೇ ‘ಅಲ್ಲ’ ಸಾಕು, ಅದನ್ನು ಯಾರೂ ಒರಟು ಎಂದಿಲ್ಲ. ಆದರೆ ತೀರ್ಪುಗಾರರು ಹುಡುಗಿಗೆ ಇಂಗ್ಲಿಷೇ ಬಾರದು ಎಂದುಕೊಂಡರೆ? ಅವಳ ಟೀಚರಿಗೂ ಬಾರದು ಎಂದರೆ? ಇಳಿಯಬೇಕಿದ್ದ ಗೆಟ್ಟವಾಡಿ ದಾಟಿದ್ದು ಕಂಡಕ್ಟರ್ ಹೇಳಿದ ಮೇಲೆ ತಿಳಿಯಿತು.

ಕಳಿಸಬೇಕಾದ ಕೊನೆಯ ದಿನ ಸಂಗೀತ ಶುದ್ಧಪ್ರತಿ ತಂದಳು. ‘ಏಂಟ್’ ಇದ್ದಲ್ಲೇ ಇತ್ತು. ವಿಶಾಲಾಕ್ಷಮ್ಮ ಪೆನ್ನಿನ ಮುಚ್ಚಳ ತೆಗೆದರು. ಹುಡುಗಿ ತಲೆ ತಗ್ಗಿಸಿದಳು.

ಮಾಡುತ್ತಿರುವುದು ಸರಿಯೋ ತಪ್ಪೋ ಅವರಿಗೆ ಆಗಲೂ ಗೊತ್ತಾಗಲಿಲ್ಲ. ಆ ತಾಯಿಯ ಮಾತಿನ ಎರಡು ತುದಿಗೂ ಹುಡುಗಿ ಮರೆತಿದ್ದ ಉದ್ಧರಣ ಚಿಹ್ನೆ ಹಾಕಿ, ಸ್ಪರ್ಧೆಯ ಅರ್ಜಿಯಲ್ಲಿ ‘ತಪ್ಪುಗಳಿಲ್ಲವೆಂದು ಪರಿಶೀಲಿಸಿದ್ದೇನೆ’ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಸಹಿ ಮಾಡಿದರು.