ಗಂಟು ಕಟ್ಟುವ ಖದ್ರಕ್ಕ

ಮಲೇಷ್ಯಾದ ಸೈಬರ್‌ಜಯಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಂಗಡಿ ಸಾಲಿನ ಕೊನೆಯ ಮಳಿಗೆಯ ಅಡುಗೆಮನೆಯಲ್ಲಿ ಖದ್ರಾ ವರ್ಸಮೆ ಕಾದ ಕಾವಲಿಯ ಮೇಲೆ ಹುಳಿ ಬಂದ ಹಿಟ್ಟನ್ನು ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಎಳೆಯುತ್ತಿದ್ದಾರೆ. ಒಂದೇ ಮಗ್ಗುಲು ಬೆಂದರೆ ಸಾಕು, ಮಗುಚುವ ಪದ್ಧತಿ ಇಲ್ಲ. ಸೊಮಾಲಿಯಾದ ಉತ್ತರ ಭಾಗದ ಹರ್ಗೇಸಾದವರು ಇದನ್ನು ಲಹೋಹ್ ಎನ್ನುತ್ತಾರೆ, ದಕ್ಷಿಣದ ಮೊಗದಿಶುವಿನವರು ಅಂಜೀರೊ ಎನ್ನುತ್ತಾರೆ. ಉಡುಪಿಯಿಂದ ಬಂದು ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುವ ಡಾ. ಸುಮತಿ ಮಾತ್ರ ಹಟ ಹಿಡಿದು ‘ಹುಳಿದೋಸೆ’ ಎಂದೇ ಕೇಳುತ್ತಾರೆ. ಯಾರು ಏನೆಂದು ಕರೆದರೂ ತಟ್ಟೆಗೆ ಬೀಳುವುದು ಒಂದೇ.

ಬೆಳಗಿನ ಹೊತ್ತಿಗೆ ಇಂಥ ಮುನ್ನೂರಾದರೂ ಎದ್ದು ಹೋಗುತ್ತವೆ. ಆದರೆ ಇವತ್ತು ಖದ್ರಾ ಅವರ ಕಣ್ಣು ಕಾವಲಿಯ ಮೇಲಿಲ್ಲ. ಮೂಲೆಯ ಮೇಜಿನ ಮೇಲೆ ಮೂರು ವರ್ಷದ ಮಗುವಿನಷ್ಟು ಎತ್ತರದ ಒಂದು ವಸ್ತು ನಿಂತಿದೆ. ಅದಕ್ಕೆ ಕೆಂಪು ರೇಷ್ಮೆ ಬಟ್ಟೆ ಹೊದಿಸಿ, ಕವಡೆಯ ಸರ ತೊಡಿಸಿ, ತಲೆಗೊಂದು ಮುಸುಕು ಹಾಕಿದ್ದಾರೆ. ಅದರ ಮೈಯೆಲ್ಲ ಬಿಳಿ ಹತ್ತಿ ಹಗ್ಗ. ಆ ಹಗ್ಗ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂದು ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ. ಒಲೆಯಿಂದ ಒಲೆಗೆ ಹೋಗುವಾಗಲೆಲ್ಲ ಅವರು ಅದನ್ನೊಮ್ಮೆ ಮುಟ್ಟಿ, ಒಂದು ಎಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.

ಇದರ ಹೆಸರು ಹೇಧೊ. ಮಾಂಸವನ್ನು ಸಣ್ಣ ಚೂರು ಮಾಡಿ, ಒಣಗಿಸಿ, ತುಪ್ಪದಲ್ಲಿ ಹುರಿದು ಪಾತ್ರೆಗೆ ತುಂಬುತ್ತಾರೆ. ಮೇಲೆ ಅರೆದ ಖರ್ಜೂರದ ದಪ್ಪ ಮುಚ್ಚಳ. ಅದನ್ನು ಬುಟ್ಟಿಯೊಳಗಿಟ್ಟು, ಮದುಮಗಳ ಹಾಗೆ ಸಿಂಗರಿಸಿ, ಹಗ್ಗದಿಂದ ಬಿಗಿಯುತ್ತಾರೆ. ಮದುವೆಯ ಏಳನೆಯ ದಿನ ಇದನ್ನು ಗಂಡಿನ ಕಡೆಯವರ ಮುಂದಿಡುವುದು ಹರ್ಗೇಸಾ ಕಡೆಯ ವಾಡಿಕೆ. ಅವರು ಕೈಯಲ್ಲೇ ಗಂಟು ಬಿಚ್ಚಿ ಒಳಗಿನದನ್ನು ಎಲ್ಲರಿಗೂ ಹಂಚಬೇಕು. ತಪ್ಪು ಎಳೆ ಎಳೆದವರಿಗೆ, ಪಕ್ಕದಲ್ಲಿ ಬೆತ್ತ ಹಿಡಿದು ಕೂತ ಹೆಂಗಸಿನಿಂದ ಮೆಲ್ಲಗೆ ಒಂದು ಏಟು. ಹಗ್ಗಕ್ಕೆ ಚಾಕು ತಾಗಿಸುವುದು ಮಾತ್ರ ಹೆಣ್ಣಿನ ಮನೆತನದ ಮುಖಕ್ಕೆ ಹೊಡೆದಂತೆ.

ಕ್ವಾಲಾಲಂಪುರದ ಸುತ್ತಮುತ್ತ ಸೊಮಾಲಿ ಮದುವೆ ನಡೆದರೆ, ಈ ಗಂಟಿಗಾಗಿ ಎಲ್ಲರೂ ಹುಡುಕಿಕೊಂಡು ಬರುವುದು ಖದ್ರಾ ಅವರನ್ನೇ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರಿರುವುದಿಲ್ಲ. ಫೋಟೊ ತೆಗೆಯುವವನಿಗೆ ಮೊದಲ ಪಂಕ್ತಿಯಲ್ಲಿ ಊಟ ಸಿಗುತ್ತದೆ, ಗಂಟು ಕಟ್ಟಿದವರು ಹಿಂಬಾಗಿಲಿನಿಂದ ಬಂದು, ಬೆತ್ತ ಹಿಡಿದು ಕೂತು, ಹಿಂಬಾಗಿಲಿನಿಂದಲೇ ಹೋಗುತ್ತಾರೆ.

“ಗಂಟು ಕಾಣ್ಬೇಕು, ಕಟ್ಟಿದವಳು ಯಾಕೆ ಕಾಣ್ಬೇಕು?” ಎನ್ನುತ್ತಾರೆ ಖದ್ರಾ. ಅವರ ಮಾತು ಮಲಯ್ ಮತ್ತು ಇಂಗ್ಲಿಷಿನ ಕಲಬೆರಕೆ, ಕೊನೆಗೊಂದು ‘ಲಾ’. ಅದನ್ನು ಕನ್ನಡಕ್ಕೆ ತರುತ್ತಿರುವವರು ಡಾ. ಸುಮತಿ. ಆರು ವರ್ಷದಿಂದ ದಿನಾ ಬೆಳಿಗ್ಗೆ ಬಂದು ಕೂರುವ ಅವರಿಗೆ ಇವರು ‘ಖದ್ರಕ್ಕ’. ಸೊಮಾಲಿ ಅಜ್ಜಿಯೊಬ್ಬರ ಬಾಯಲ್ಲಿ ಉಡುಪಿಯ ಕನ್ನಡ ಬಂದರೆ ಅದರ ಹೊಣೆ ಸುಮತಿಯವರದೇ.

ಖದ್ರಾ ಹುಟ್ಟಿದ್ದು ಹರ್ಗೇಸಾದಲ್ಲಿ. ಈಗ ಅರವತ್ತರ ಆಸುಪಾಸು. ಅಪ್ಪ ಲಾರಿ ಓಡಿಸುತ್ತಿದ್ದರು, ಅಮ್ಮ ಊರಿಗೆಲ್ಲ ಹೇಧೊ ಕಟ್ಟಿಕೊಡುತ್ತಿದ್ದರು. ಬ್ರಿಟಿಷರ ಕೈಯಲ್ಲಿದ್ದ ಉತ್ತರವೂ ಇಟಲಿಯ ಕೈಯಲ್ಲಿದ್ದ ದಕ್ಷಿಣವೂ ೧೯೬೦ರಲ್ಲಿ ಬಿಡುಗಡೆಯಾಗಿ, ಕೆಲವೇ ದಿನಗಳ ಅಂತರದಲ್ಲಿ ತಾವಾಗಿಯೇ ಒಂದಾದವು. ಆಗಿನ ಸಂಭ್ರಮವನ್ನು ಅಪ್ಪ ಸಾಯುವವರೆಗೆ ಹೇಳುತ್ತಿರುತ್ತಾರೆ ಎಂದೇ ಮನೆಯವರು ತಿಳಿದಿದ್ದರು. ನೀಲಿ ಬಾವುಟದ ನಕ್ಷತ್ರಕ್ಕೆ ಐದು ಮೊನೆ, ಸೊಮಾಲಿಗಳು ಬಾಳುವ ಐದು ನೆಲಕ್ಕೆ ಒಂದೊಂದು. ಆ ನಕ್ಷತ್ರವನ್ನು ಅವರು ಲಾರಿಯ ಮುಂದೆ ತಾವೇ ಬಣ್ಣದಲ್ಲಿ ಬರೆದುಕೊಂಡಿದ್ದರು. ಅದರ ಒಂದು ಮೊನೆ ಸೊಟ್ಟಗಿತ್ತು ಎಂದು ಮಗಳಿಗೆ ಇವತ್ತಿಗೂ ನೆನಪು.

ಹದಿನೇಳು ತುಂಬುತ್ತಲೇ ಅದೇ ಲಾರಿಯಲ್ಲಿ ಕೂತು ಖದ್ರಾ ದಾದಿಯ ಕೆಲಸ ಕಲಿಯಲು ಮೊಗದಿಶುವಿಗೆ ಹೋದರು. ಆ ಊರಿನ ಮಾತು ಬಂದರೆ ಅವರ ಕೈ ತಾನಾಗಿಯೇ ನಿಧಾನವಾಗುತ್ತದೆ. “ಸಮುದ್ರದ ಬದಿಯಲ್ಲೇ ರೂಮು. ಸಂಜೆ ಆದ್ರೆ ನಾವು ಹುಡುಗಿಯರೆಲ್ಲ ಲಿಡೊ ಬೀಚಿಗೆ ಹೋಗುದು, ಐಸ್‌ಕ್ರೀಮ್ ತಿನ್ನುದು. ಮನೆ ಒಡತಿ ನನಗೆ ಜಡೆ ಹಾಕ್ತಿದ್ದಳು. ನಿನ್ನ ಸೊಮಾಲಿ ಎಂತ ಒರಟು ಮಾರಾಯ್ತಿ ಅಂತ ನಗಾಡ್ತಿದ್ದಳು. ಅನ್ನದ ಜೊತೆ ಬಾಳೆಹಣ್ಣು ತಿನ್ಲಿಕ್ಕೆ ಕಲಿಸಿದ್ದು ಅವಳೇ. ನನ್ನ ಪ್ರಾಯದ ಒಳ್ಳೇ ದಿನ ಎಲ್ಲ ಅಲ್ಲಿಯೇ ಉಂಟು.”

೧೯೮೮ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಹರ್ಗೇಸಾದ ಮೇಲೆ ಬಾಂಬು ಬಿತ್ತು. ಬಂಡಾಯ ಅಡಗಿಸುವ ಹೆಸರಿನಲ್ಲಿ ತಮ್ಮದೇ ಸರ್ಕಾರ ಹಾಕಿದ ಬಾಂಬು. ವಿಮಾನಗಳು ಅದೇ ಊರಿನ ನಿಲ್ದಾಣದಿಂದ ಎದ್ದು ಅದೇ ಊರಿನ ಮೇಲೆ ಹಾರುತ್ತಿದ್ದವು. ಅಣ್ಣ ಹೋದ, ಮನೆ ಹೋಯಿತು. ಉಳಿದವರು ನಡೆದು ಗಡಿ ದಾಟಿ ಇಥಿಯೋಪಿಯಾದ ನಿರಾಶ್ರಿತರ ಶಿಬಿರ ಸೇರಿದರು. ಅಪ್ಪ ಆಮೇಲೆ ನಕ್ಷತ್ರದ ಮಾತು ಎತ್ತಲಿಲ್ಲ. ಮೂರು ವರ್ಷದ ನಂತರ ಉತ್ತರ ಭಾಗವು ಸೊಮಾಲಿಲ್ಯಾಂಡ್ ಎಂದು ಹೆಸರಿಟ್ಟುಕೊಂಡು ತಾನೇ ಬೇರೆ ದೇಶವೆಂದು ಸಾರಿತು. ಜಗತ್ತಿನ ಹೆಚ್ಚಿನ ದೇಶಗಳು ಅದನ್ನು ಇನ್ನೂ ಒಪ್ಪಿಲ್ಲ, ಅಲ್ಲಿಯವರು ಪಟ್ಟು ಬಿಟ್ಟಿಲ್ಲ. ಶಿಬಿರದಲ್ಲಿ ಕೈ ಸುಮ್ಮನಿರಬಾರದೆಂದು ಅಮ್ಮ ಮಗಳಿಗೆ ಗೋಣಿದಾರದಲ್ಲಿ ಗಂಟು ಹಾಕಲು ಕಲಿಸಿದರು. ಕಸುಬು ಕೈಗೆ ಬಂದದ್ದು ಹಾಗೆ. ಓದಲು ಬಂದ ಗಂಡನ ಹಿಂದೆ ಮಲೇಷ್ಯಾಕ್ಕೆ ಬಂದು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಒಬ್ಬನೇ ಮಗ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಇಂಜಿನಿಯರು.

ಅಂಗಡಿಗೆ ಎರಡೂ ಕಡೆಯ ಹುಡುಗರು ಬರುತ್ತಾರೆ. ಏಲಕ್ಕಿ ಹಾಕಿದ ಚಹಾ ಇಳಿಯುತ್ತಿದ್ದಂತೆ ದೇಶ ಒಂದೋ ಎರಡೋ ಎಂಬ ಜಗಳ ಏರುತ್ತದೆ. ಒಂದೇ ಭಾಷೆ, ಒಂದೇ ಧರ್ಮ, ಆಫ್ರಿಕಾದಲ್ಲಿ ಯಾರಿಗಿದೆ ಈ ಭಾಗ್ಯ, ಒಡೆಯುವುದು ಯಾಕೆ ಎಂದು ಒಬ್ಬ. ಒಂದೇ ಭಾಷೆಯಲ್ಲೇ ತಾನೇ ನಮ್ಮನ್ನು ಕೊಲ್ಲಲು ಅಪ್ಪಣೆ ಕೊಟ್ಟಿದ್ದು ಎಂದು ಇನ್ನೊಬ್ಬ. ಇಬ್ಬರೂ ಆ ಬಾಂಬು ಬಿದ್ದಾಗ ಹುಟ್ಟಿರಲೇ ಇಲ್ಲ. ಖದ್ರಾ ಬಾಯಿ ಹಾಕುವುದಿಲ್ಲ, ತಟ್ಟೆ ಎತ್ತಿಕೊಂಡು ಹೋಗುತ್ತಾರೆ.

ನೇರವಾಗಿ ಕೇಳಿದರೆ ಮಾತ್ರ ಮುಚ್ಚುಮರೆ ಇಲ್ಲ. “ಬೇರೆಯೇ ಇರ್ಲಿ ಅಂತ ನಾನು ಹೇಳುದು. ಅಣ್ಣನ್ನ ಮಣ್ಣು ಮಾಡ್ಲಿಕ್ಕೂ ಪುರುಸೊತ್ತು ಸಿಗ್ಲಿಲ್ಲ, ಅದನ್ನು ಮರೀಲಿಕ್ಕೆ ಆಗುದಿಲ್ಲ. ಆದ್ರೆ ಮೊಗದಿಶುವಿನ ಗಾಳಿ ಕನಸಲ್ಲಿ ಬಂದ್ರೆ ಬೆಳಿಗ್ಗೆ ಎದ್ದು ಅಳ್ತೇನೆ. ಎರಡೂ ನಿಜವೇ. ಒಂದನ್ನು ಸುಳ್ಳು ಮಾಡು ಅಂದ್ರೆ ಎಂತ ಮಾಡುದು?”

ಇವತ್ತಿನ ಹೇಧೊವನ್ನು ಅವರು ಮುಟ್ಟಿ ಮುಟ್ಟಿ ನೋಡುವುದಕ್ಕೂ ಕಾರಣವಿದೆ. ಮೂರು ವರ್ಷದ ಹಿಂದೆ ಹರ್ಗೇಸಾದ ಹೆಣ್ಣು, ಮೊಗದಿಶುವಿನ ಗಂಡು ಹೀಗೇ ಒಂದು ಮದುವೆ. ಗಂಡಿನ ಚಿಕ್ಕಪ್ಪ ಬಲು ಸಂಭಾವಿತ ಮನುಷ್ಯ. ದಕ್ಷಿಣದಲ್ಲಿ ಈ ವಾಡಿಕೆ ಇಲ್ಲವಾದ್ದರಿಂದ, ಯಾರೋ ಉಡುಗೊರೆಯನ್ನು ಇಷ್ಟು ಬಿಗಿಯಾಗಿ ಕಟ್ಟಿಬಿಟ್ಟಿದ್ದಾರಲ್ಲ ಎಂದು ಮರುಕಪಟ್ಟರು. ಮಕ್ಕಳು ಹಸಿದಿವೆ ಎಂದು ಜೇಬಿನ ಚಾಕು ತೆಗೆದು ಹಗ್ಗವನ್ನು ಉದ್ದಕ್ಕೆ ಸೀಳಿದರು, ಸೀಳಿ ಎಲ್ಲರತ್ತ ನಗುತ್ತಾ ನೋಡಿದರು. ಹೆಣ್ಣಿನ ಕಡೆಯ ಹಿರಿಯರು ಎದ್ದು ನಿಂತರು. ನೀವು ನಮಗೆ ಮೊದಲಿನಿಂದ ಮಾಡುತ್ತಾ ಬಂದದ್ದು ಇದನ್ನೇ ಎಂಬ ಮಾತು ಬಂತು. ಅಲ್ಲಿಂದ ೧೯೮೮, ೧೯೯೧, ಬಾವುಟ, ಗಡಿ ಎಲ್ಲವೂ ಬಂದವು. ಒಂದೇ ತಟ್ಟೆಯ ಸುತ್ತ ಕೂತು ಉಣ್ಣಬೇಕಾಗಿದ್ದವರು ಅನ್ನ ಮುಟ್ಟದೆ ಹೋದರು. ಚೂರು ಚೂರಾದ ಹಗ್ಗವನ್ನು ಖದ್ರಾ ಒಬ್ಬರೇ ಗುಡಿಸಿದರು.

ಆಮೇಲೆ ಅವರು ಕಟ್ಟಲಿಲ್ಲ. ಕೇಳಿ ಬಂದವರಿಗೆ ಬೆರಳು ನೋವು ಎಂದು ನೆಪ ಹೇಳಿ ಕಳಿಸಿದರು. ಈ ಸಲ ಬಂದವಳು ಸಗಲ್, ಮದುಮಗಳು ಸ್ವತಃ. ಅವಳ ಅಜ್ಜಿಯ ಮದುವೆಗೆ ಹೇಧೊ ಕಟ್ಟಿದ್ದು ಖದ್ರಾ ಅವರ ಅಮ್ಮ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಈ ಮದುವೆಯ ಗಂಡು ಲಿಬಾನ್ ಕೂಡ ಮೊಗದಿಶುವಿನವನು.

ಒಪ್ಪಿದ್ದೇ ತಡ, ಸಲಹೆ ಕೊಡುವವರ ಕಾಟ. ಸಗಲ್‌ಳ ಸೋದರಮಾವ ಆದನ್ ಅಂಗಡಿಗೇ ಬಂದು, ಗಂಡಿನ ಕಡೆಯವರಿಗೆ ಏನು ಮಾಡಿದರೂ ಬಿಚ್ಚಲು ಬರಬಾರದು, ಹಾಗೆ ಕಟ್ಟು ಎಂದ. ಮದುಮಗಳು ಗುಟ್ಟಾಗಿ ಬಂದು, ಒಂದೇ ಎಳೆ ಎಳೆದರೆ ಬಿಚ್ಚಿಹೋಗಲಿ ಆಂಟಿ, ಜಗಳ ಬೇಡ ಲಾ ಎಂದಳು. ಖದ್ರಾ ಇಬ್ಬರಿಗೂ ಬೈದು ಕಳಿಸಿದರು.

“ಬಿಚ್ಲಿಕ್ಕೇ ಆಗದ ಗಂಟು ಗಂಟಲ್ಲ, ಅದು ಹಗೆ. ಸಡಿಲ ಕಟ್ಟಿದ್ರೆ, ನಿಮಗೆ ಇಷ್ಟೇ ಯೋಗ್ಯತೆ ಅಂತ ಅವರಿಗೆ ಹೇಳಿದ ಹಾಗೆ. ಅಮ್ಮ ಕಲಿಸಿದ ಹಾಗೆಯೇ ಕಟ್ಟಿದ್ದೇನೆ. ಇದಕ್ಕೂ ಚಾಕು ಹಾಕಿದ್ರೆ, ಅಮ್ಮನ ಕೆಲಸ ನನ್ನ ಕೈಯಲ್ಲೇ ಮುಗಿತದೆ. ಇನ್ನು ಮುಟ್ಟುದಿಲ್ಲ.” ಅವರ ಧ್ವನಿ ಏರುವುದಿಲ್ಲ. ಮುಂದಿನ ದೋಸೆ ಮಾತ್ರ ಸ್ವಲ್ಪ ಸೀಯುತ್ತದೆ.

ಮಧ್ಯಾಹ್ನ ಪಕ್ಕದ ಊರು ಪುತ್ರಜಯಾದ ಸಭಾಂಗಣವೊಂದರಲ್ಲಿ ಚಾಪೆ ಹಾಸಿದೆ. ನಡುವೆ ಹೇಧೊ, ಪಕ್ಕದಲ್ಲಿ ಬೆತ್ತ ಹಿಡಿದ ಖದ್ರಾ. ಲಿಬಾನ್‌ನ ಗೆಳೆಯರು ಅಂಗಿಯ ತೋಳು ಮಡಚಿ ಕೂರುತ್ತಾರೆ. ಮೊದಲ ಏಟಿಗೆ ಸಭೆ ನಗುತ್ತದೆ, ಎರಡನೆಯದಕ್ಕೂ ನಗುತ್ತದೆ. ಆಮೇಲೆ ಬೆವರು. ಒಂದು ಎಳೆ ಎಳೆದರೆ ಇನ್ನೊಂದು ಬಿಗಿಯುತ್ತದೆ. ಅತ್ತ ಅನ್ನ ಆರುತ್ತಿದೆ, ಮಕ್ಕಳು ರಗಳೆ ಹಚ್ಚಿವೆ.

“ಇವರಿಗೆ ಬಿಚ್ಚೋದು ಯಾವತ್ತು ಬಂದಿದೆ? ಮುರಿಯೋದು ಒಂದೇ ಗೊತ್ತು” ಎಂದು ಆದನ್ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ.

“ಹಾಗಾದ್ರೆ ನೀವೇ ಕಟ್ಟಿ, ನೀವೇ ತಿನ್ನಿ. ನಿಮಗೆ ಬೇಕಿದ್ದಿದ್ದು ಅದೇ ತಾನೇ?” ಎಂದು ಗಂಡಿನ ಕಡೆಯಿಂದ ಉತ್ತರ ಬರುತ್ತದೆ.

ಲಿಬಾನ್‌ನ ಗೆಳೆಯನೊಬ್ಬ ಸಿಟ್ಟಿನಿಂದ ಎದ್ದು ಹಣ್ಣಿನ ಮೇಜಿನ ಮೇಲಿದ್ದ ಚಾಕು ಎತ್ತಿಕೊಳ್ಳುತ್ತಾನೆ. ಖದ್ರಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆ ಕ್ಷಣ ಶಿಬಿರದ ಗೋಣಿದಾರ, ಅಮ್ಮನ ಒಡೆದ ಬೆರಳು ಕಣ್ಣ ಮುಂದೆ ಬಂತು ಎಂದು ಆಮೇಲೆ ಹೇಳಿದರು.

ಕಣ್ಣು ತೆರೆದಾಗ ಚಾಕು ಲಿಬಾನ್‌ನ ತಾಯಿ ಮಾನಾ ಅವರ ಕೈಯಲ್ಲಿದೆ. ಎಪ್ಪತ್ತು ದಾಟಿದ, ಮಂಡಿನೋವಿನ ಹೆಂಗಸು. “ಹೋಗಿ ಕಲ್ಲಂಗಡಿ ಹೆಚ್ಚು” ಎಂದು ಹುಡುಗನಿಗೆ ಚಾಕು ವಾಪಸು ಕೊಟ್ಟು, ಒಬ್ಬರ ಹೆಗಲು ಹಿಡಿದು ಕಷ್ಟಪಟ್ಟು ಚಾಪೆಯ ಮೇಲೆ, ಖದ್ರಾ ಅವರ ಎದುರಿಗೇ ಕೂರುತ್ತಾರೆ.

“ನಮ್ಮಲ್ಲಿ ಇದು ಇಲ್ಲ, ತಂಗಿ. ನಮಗೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಬೇಕು, ತೋರಿಸು.”

ಹೆಣ್ಣಿನ ಕಡೆಯಲ್ಲಿ ಗುಜುಗುಜು ಏಳುತ್ತದೆ. ಗಂಡಿನ ಕಡೆಯವರು ಸೋತರೆ ದಂಡ ಕೊಡುವುದುಂಟು, ಕೋಪಿಸಿಕೊಂಡು ಹೋಗುವುದೂ ಉಂಟು. ಹೀಗೆ ಕೂತು ಕೇಳಿದ್ದನ್ನು ಯಾರೂ ಕಂಡಿಲ್ಲ. ಖದ್ರಾ ಬೆತ್ತ ಕೆಳಗಿಡುತ್ತಾರೆ. ಮಾನಾ ಅವರ ಕೈ ಹಿಡಿದು, ಮುಸುಕಿನ ಅಡಿಯಲ್ಲಿರುವ ಒಂದು ಎಳೆಯ ಮೇಲೆ ಇಡುತ್ತಾರೆ.

“ಇದು ಪದ್ಧತಿ ಅಲ್ಲ” ಎಂದು ಆದನ್ ಕೂಗುತ್ತಾನೆ.

“ಕೇಳಿದವರಿಗೆ ತೋರಿಸಬಾರ್ದು ಅಂತ ಅಮ್ಮ ನನಗೆ ಹೇಳಿಲ್ಲ, ಆದನ್. ಅವಳ ಹತ್ರ ಯಾರೂ ಕೇಳಿಯೇ ಇರ್ಲಿಲ್ಲ” ಎನ್ನುತ್ತಾರೆ ಖದ್ರಾ. ಮಾನಾ ಅವರ ಕೈಯನ್ನು ಎಳೆಯ ಮೇಲಿಂದ ತೆಗೆಯುವುದಿಲ್ಲ. “ನಿಮಗೆ ಎಂತ ಬೇಕು ಅಂತ ನಮ್ಮ ಊರಿನವರ ಹತ್ರವೂ ಯಾರೂ ಕೇಳ್ಲಿಲ್ಲ.”

ಆಮೇಲೆ ಆತುರವಿಲ್ಲ. ಒಂದು ಎಳೆಯ ಮೇಲೆ ಖದ್ರಾ ಮಾನಾ ಅವರ ಕೈ ಇಡುತ್ತಾರೆ, ಮುಂದಿನದನ್ನು ಮಾನಾ ತಾವೇ ಹುಡುಕುವವರೆಗೆ ಕಾಯುತ್ತಾರೆ. ತಪ್ಪು ಎಳೆದಾಗ ಬೆತ್ತದ ಬದಲು ಮೊಣಕೈಯಿಂದ ಒಂದು ತಿವಿತ. ಕೊನೆಯ ಸುತ್ತು ಜಾರಿ ಮುಚ್ಚಳ ತೆರೆದಾಗ ತುಪ್ಪದ ಘಮ ಇಡೀ ಸಭಾಂಗಣಕ್ಕೆ ಹರಡುತ್ತದೆ. ಮೊದಲ ತುತ್ತನ್ನು ಮಾನಾ ಖದ್ರಾ ಅವರ ಬಾಯಿಗೇ ಇಡುತ್ತಾರೆ. ಆದನ್ ಮುಖ ಊದಿಸಿಕೊಂಡೇ ಬಂದು, ಎಲ್ಲರೂ ಸುತ್ತ ಕೂತ ಅದೇ ತಟ್ಟೆಗೆ ಕೈ ಹಾಕಿ ಉಣ್ಣುತ್ತಾನೆ. ಕಾರು ನಿಲ್ಲಿಸಿದ ಕಡೆ ಹೋಗುವಷ್ಟರಲ್ಲಿ ಹುಡುಗರಲ್ಲಿ ದೇಶ ಒಂದೋ ಎರಡೋ ಎಂಬ ಜಗಳ ಮತ್ತೆ ಹತ್ತಿಕೊಂಡಿರುತ್ತದೆ.

ಸಭಾಂಗಣ ಖಾಲಿಯಾದ ಮೇಲೆ ಖದ್ರಾ ಹಗ್ಗವನ್ನು ಮೊಳಕೈಗೆ ಸುತ್ತುತ್ತಾರೆ. ಎಲ್ಲೂ ತುಂಡಾಗಿಲ್ಲ, ಒಂದೇ ಉದ್ದ. ಇನ್ನು ಕಟ್ಟುವುದು ಬಿಡುವುದಿಲ್ಲ ತಾನೇ ಎಂದು ಸುಮತಿ ಕೇಳುತ್ತಾರೆ. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವ ಮಾನಾ ಅವರ ಕಡೆ ನೋಡಿ ಖದ್ರಾ ನಗುತ್ತಾರೆ.

“ಕಟ್ತೇನೆ. ಆದ್ರೆ ಒಂದು ಆಸೆ ಉಂಟು ಡಾಕ್ಟ್ರೇ. ಇಷ್ಟು ವರ್ಷ ನಾನು ಹೆಣ್ಣಿನ ಕಡೆಯೇ ಕೂತದ್ದು. ನನ್ನ ಮಗ ಮೊಗದಿಶುವಿನ ಹುಡುಗಿಯನ್ನೇ ತರ್ಲಿ. ಮಾನಾ ಕಲಿತು ಕಟ್ಲಿ. ನಾನು ಬಿಚ್ಚುವ ಕಡೆ ಕೂತ್ಕೊಂಡು ಅವಳ ಕೈಯಿಂದ ಎರಡು ಪೆಟ್ಟು ತಿನ್ಬೇಕು.”